ನೆಟ್ಟು ನಿಧಾನ ಯಾಕ? ಡಯಲ್‌ಅಪ್ ಲೈನಿನ ಮೇಲೊಂದು ಪಾಠ



ಸಂಘದ ಹುಡುಗರು ಫೋನ್ ಮಾಡಿ, "ಅಣ್ಣಾ, ಈ ಸಂಚಿಕೆಗೆ ಒಂದು ಟೆಕ್ನಿಕಲ್ ಲೇಖನ ಕೊಡ್ರಿ. ಕನ್ನಡದಾಗ ಇರಬೇಕು, ಓದಿದವರಿಗೆ ನಿದ್ದಿ ಬರಬಾರದು" ಅಂದರು. ಏನು ಬರೀಲಿ ಅಂತ ಯೋಚನೆ ಮಾಡುವಾಗ ಒಂದು ಸುದ್ದಿ ನೆನಪಾಯಿತು. 2025ರ ಸೆಪ್ಟೆಂಬರ್ 30ಕ್ಕೆ ಅಮೆರಿಕದ ಎಒಎಲ್ ಕಂಪನಿ ತನ್ನ ಡಯಲ್‌ಅಪ್ ಇಂಟರ್ನೆಟ್ ಸೇವೆಯನ್ನು ಬಂದ್ ಮಾಡಿತು. ಇನ್ನೂ ನಡೀತಿತ್ತಾ ಅಂತ ನೀವು ನಗಬಹುದು. ಆದರೆ ನನಗೆ ನೆನಪಾದದ್ದು 2003ರ ಮಳೆಗಾಲ, ಖಾನಾಪುರದ ನಮ್ಮ ಮನೆ, ಮತ್ತು ನನ್ನ ಕೈಯಾರೆ ನಾನೇ ಕೆಡಿಸಿಕೊಂಡ ಒಂದು ಲೈನು.

ಡಯಲ್‌ಅಪ್ ಹೋಯಿತು, ಆದರೆ ಅದರೊಳಗಿನ ಪಾಠ ಹೋಗಿಲ್ಲ. ನೈಕ್ವಿಸ್ಟ್, ಪಿಸಿಎಂ, ಶಾನನ್ ಕೆಪ್ಯಾಸಿಟಿ ಅಂತ ಪರೀಕ್ಷೆಗೆ ಬಾಯಿಪಾಠ ಮಾಡ್ತೀರಲ್ಲ, ಅವೆಲ್ಲ ಆ ಒಂದು ಜೋಡಿ ತಾಮ್ರದ ತಂತಿಯೊಳಗೆ ಕೈಗೆ ಸಿಗೋ ಹಾಗೆ ಇದ್ದವು. ಮತ್ತೆ "ನೆಟ್ಟು ನಿಧಾನ" ಅನ್ನೋ ದೂರು ಇವತ್ತಿಗೂ ಇದೆ. ಅದನ್ನು ಹುಡುಕೋ ಕ್ರಮ ಬದಲಾಗಿಲ್ಲ.

ಡಯಲ್‌ಅಪ್ ಅಂದರೆ

ನೋಡದವರಿಗಾಗಿ ಎರಡು ಮಾತು. ಕಂಪ್ಯೂಟರಿನ ಬಿಟ್ಟುಗಳನ್ನು ಮೋಡೆಮ್ ಶಬ್ದವಾಗಿ ಮಾಡಿ ಸಾದಾ ಫೋನ್ ಲೈನಿನ ಮೇಲೆ ಕಳಿಸುತ್ತದೆ. ಆ ಕಡೆ ಇನ್ನೊಂದು ಮೋಡೆಮ್ ಅದನ್ನು ಮತ್ತೆ ಬಿಟ್ಟು ಮಾಡುತ್ತದೆ. ನೆಟ್ ಹಚ್ಚಬೇಕಂದರೆ ಫೋನ್ ಹಚ್ಚಬೇಕು. ನೆಟ್ ನಡೆಯುವಷ್ಟು ಹೊತ್ತು ಮನೆಯ ಫೋನು ಎಂಗೇಜು, ಮೀಟರು ಓಡುತ್ತಲೇ ಇರುತ್ತಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ನಮ್ಮ ಕಡೆ ಮನೆಮನೆಗೆ ಬರೋಷ್ಟರಲ್ಲಿ ಇನ್ನೂ ಐದಾರು ವರ್ಷ ಹಿಡಿಯಿತು.

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ

ನಿಧಾನ ಅನ್ನೋಕೆ ಮುಂಚೆ ಎಷ್ಟು ಬರಬೇಕಿತ್ತು ಅಂತ ಗೊತ್ತಿರಬೇಕು. ಅರ್ಧ ದೂರು ಇಲ್ಲೇ ಮುಗಿಯುತ್ತವೆ.

ಮೋಡೆಮ್ ಡಬ್ಬಿ ಮೇಲೆ "56ಕೆ" ಅಂತ ಇರುತ್ತಿತ್ತು. ಅದು ಕಿಲೋಬಿಟ್. ಡೌನ್‌ಲೋಡ್ ಕಿಟಕಿ ತೋರಿಸೋದು ಕಿಲೋಬೈಟ್. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 7 ಕಿಲೋಬೈಟ್. ಅದೂ ಪೂರ್ತಿ 56 ಸಿಕ್ಕರೆ ಮಾತ್ರ. 44 ಕಿಲೋಬಿಟ್ಟಿಗೆ ಕನೆಕ್ಟ್ ಆದ ಲೈನಿನಲ್ಲಿ 5 ಎಂಬಿಯ ಒಂದು ಹಾಡು ಇಳಿಸಲು ಸುಮಾರು 16 ನಿಮಿಷ. ಸೆಕೆಂಡಿಗೆ 5 ಕಿಲೋಬೈಟ್ ಬರ್ತಿದ್ದರೆ ಆ ಲೈನಿಗೆ ರೋಗ ಇಲ್ಲ, ಅದು ಇರೋದೇ ಅಷ್ಟು. ಇವತ್ತು 100 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡು "12ರ ಮೇಲೆ ಹೋಗಂಗಿಲ್ಲ" ಅಂತ ಬೈಯೋ ಗೆಳೆಯ ನಿಮ್ಮ ಹಾಸ್ಟೆಲಿನಲ್ಲೂ ಒಬ್ಬ ಇರ್ತಾನೆ. ಅವನಿಗೂ ಇದೇ ಉತ್ತರ.

56 ಎಲ್ಲಿಂದ ಬಂತು?

ಫೋನ್ ಜಾಲ ಮನುಷ್ಯನ ಮಾತಿಗೆ ಕಟ್ಟಿದ್ದು. ಸುಮಾರು 300ರಿಂದ 3400 ಹರ್ಟ್ಜ್ ತನಕ ಮಾತ್ರ ದಾಟಲು ಬಿಡುತ್ತದೆ. ಅಂದರೆ ನಮ್ಮ ಕೈಯಲ್ಲಿರೋ ಬ್ಯಾಂಡ್‌ವಿಡ್ತ್ 3100 ಹರ್ಟ್ಜ್. ಒಳ್ಳೆ ಲೈನಿನಲ್ಲಿ ಸಿಗ್ನಲ್‌ಗೂ ಗದ್ದಲಕ್ಕೂ ಇರೋ ಅಂತರ 35 ಡೆಸಿಬೆಲ್ ಅಂದುಕೊಳ್ಳಿ. ಪಟ್ಟು ಲೆಕ್ಕದಲ್ಲಿ ಅದು ಸುಮಾರು 3162. ಶಾನನ್ 1948ರಲ್ಲಿ ಕೊಟ್ಟ ಸೂತ್ರಕ್ಕೆ ಹಾಕಿ: 3100ನ್ನು (1 + 3162)ರ ಬೇಸ್ 2 ಲಾಗ್‌ನಿಂದ ಗುಣಿಸಿದರೆ ಸುಮಾರು 36,000 ಬಿಟ್. ವಿ.34 ಅನ್ನೋ ಮೋಡೆಮ್ ಮಾನದಂಡದ ಮೇಲ್ಮಿತಿ 33,600 ಆಗಿದ್ದು ಸುಮ್ಮನೆ ಅಲ್ಲ. ಎಂಜಿನಿಯರುಗಳು ಶಾನನ್ ಗೋಡೆಗೆ ಮೂಗು ತಾಗೋ ತನಕ ಹೋಗಿದ್ದರು.

ಹಾಗಾದರೆ 1998ರಲ್ಲಿ ಬಂದ ವಿ.90 ಹೇಗೆ 56,000 ಕೊಟ್ಟಿತು? ಶಾನನ್ ಸುಳ್ಳಾದನೇ? ಇಲ್ಲ. ಅಲ್ಲಿ ಆ ಗದ್ದಲವೇ ಬೇರೆ ರೀತಿಯದು. ಎಕ್ಸ್‌ಚೇಂಜಿನಲ್ಲಿ ನಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್ ಮಾಡುತ್ತಾರೆ. ಹೀಗೆ ಅಳೆಯುವಾಗ ಆಗೋ ಚಿಲ್ಲರೆ ತಪ್ಪೇ ಕ್ವಾಂಟೈಸೇಶನ್ ಗದ್ದಲ. ಒಳ್ಳೆ ಲೈನಿನಲ್ಲಿ ದೊಡ್ಡ ಪಾಲು ಗದ್ದಲ ಅದೇ. ಆದರೆ ಇಂಟರ್ನೆಟ್ ಕೊಡೋರ ಕಡೆ ಸಾಮಾನು ನೇರವಾಗಿ ಡಿಜಿಟಲ್ ಜಾಲಕ್ಕೆ ಸೇರಿದ್ದರೆ, ಅವರಿಂದ ನಮ್ಮ ಕಡೆ ಬರೋ ದಾರಿಯಲ್ಲಿ ಈ ಅಳತೆಯೇ ನಡೆಯೋದಿಲ್ಲ. 8 ಬಿಟ್ಟಿನಲ್ಲಿ 7 ಬಿಟ್ ಭರವಸೆಯಿಂದ ಬಳಸಿದರೆ 8000 ಗುಣಿಸು 7, ಅಂದರೆ 56,000. ನಮ್ಮಿಂದ ಆ ಕಡೆ ಹೋಗುವಾಗ ಮಾತ್ರ ಅಳತೆ ತಪ್ಪೋದಿಲ್ಲ, ಹಂಗಾಗಿ ಅಪ್‌ಲೋಡ್ 33,600ಕ್ಕೇ ನಿಂತಿತು. ಈ ಅಪ್‌ಲೋಡ್ ಮಾತು ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಕಥೆಯಲ್ಲಿ ಬರುತ್ತದೆ.

ಸೂತ್ರದಿಂದ ಇನ್ನೊಂದು ಉಪಯೋಗದ ಮಾತು ತೆಗೆಯಬಹುದು. ಗದ್ದಲ 3 ಡೆಸಿಬೆಲ್ ಹೆಚ್ಚಾದರೆ ಹರ್ಟ್ಜಿಗೆ ಸುಮಾರು 1 ಬಿಟ್ ಹೋಯಿತು. 3100 ಹರ್ಟ್ಜಿಗೆ 3100 ಬಿಟ್ ಹೋಯಿತು. 35ರಿಂದ 20 ಡೆಸಿಬೆಲ್ಲಿಗೆ ಇಳಿದರೆ ಮೇಲ್ಮಿತಿ 36 ಸಾವಿರದಿಂದ 20 ಸಾವಿರದ ಹತ್ತಿರ ಬರುತ್ತದೆ. ಕಿವಿಗೆ ಸಣ್ಣದಾಗಿ ಕೇಳೋ ಗುಂಯ್ ಶಬ್ದ ವೇಗವನ್ನು ಅರ್ಧ ತಿನ್ನಬಲ್ಲದು.

ಕನೆಕ್ಟ್ ಆದ ಸಂಖ್ಯೆಯನ್ನು ಓದೋದು

ಮೋಡೆಮ್ ಕುಂಯ್-ಕರ್ರ್ ಅಂದು ಸುಮ್ಮನಾದ ಮೇಲೆ ಒಂದು ಸಂಖ್ಯೆ ತೋರಿಸುತ್ತಿತ್ತು. ನಾವು ಅದನ್ನು ಅದೃಷ್ಟದ ನಂಬರಿನಂಗ ನೋಡ್ತಿದ್ದೆವು. ಅದು ಅದೃಷ್ಟ ಅಲ್ಲ, ರೋಗಿಯ ನಾಡಿ.

14,400, 26,400, 28,800, 31,200 ಇವೆಲ್ಲ 2400ರ ಗುಣಕಗಳು. ಇಂಥದ್ದು ಕಂಡರೆ ಮೋಡೆಮ್ ಹಳೇ ವಿ.34 ರೀತಿಗೆ ಇಳಿದಿದೆ ಅಂತ ಅರ್ಥ. 42,667, 44,000, 45,333 ಇಂಥವು 8000ವನ್ನು 6ರಿಂದ ಭಾಗಿಸಿದ ಮೆಟ್ಟಿಲುಗಳು, ಅಂದರೆ ವಿ.90. ಮೊದಲನೇ ಗುಂಪಿನ ಸಂಖ್ಯೆಯೇ ಯಾವಾಗಲೂ ಬಂದರೆ ಎರಡು ಕಾರಣ ಇರಬಹುದು. ದಾರಿಯಲ್ಲಿ ಎಲ್ಲೋ ಇನ್ನೊಂದು ಸಲ ಅನಲಾಗ್-ಡಿಜಿಟಲ್ ಬದಲಾವಣೆ ಆಗ್ತಿದೆ, ಅದಕ್ಕೆ ಮನೆಯವರು ಏನೂ ಮಾಡಲಾಗದು. ಇಲ್ಲವೇ ಲೈನಿನಲ್ಲಿ ಗದ್ದಲ ವಿಪರೀತ ಇದೆ, ಅದಕ್ಕೆ ಮಾಡೋದು ಬೇಕಾದಷ್ಟಿದೆ.

ಇನ್ನು 1,15,200 ಅಂತ ಕಂಡರೆ ಕುಣಿಯಬೇಡಿ. ಅದು ಕಂಪ್ಯೂಟರಿಗೂ ಮೋಡೆಮಿಗೂ ನಡುವಿನ ಪೋರ್ಟಿನ ವೇಗ. ಲೈನಿಗೂ ಅದಕ್ಕೂ ಸಂಬಂಧ ಇಲ್ಲ.

ಲೈನು ಬರೋ ದಾರಿ

ನಮ್ಮ ಜಿಲ್ಲೆಯ ಮಟ್ಟಿಗೆ ಒಂದು ಹೆಮ್ಮೆಯ ಮಾತು ಇಲ್ಲಿ ಹೇಳಲೇಬೇಕು. ಸಿ-ಡಾಟ್ ಸಂಸ್ಥೆ 1984ರಲ್ಲಿ ಶುರುವಾಯಿತು. ಅದು ಹಳ್ಳಿಗಳಿಗಾಗಿ ಮಾಡಿದ 128 ಪೋರ್ಟಿನ ಚಿಕ್ಕ ಡಿಜಿಟಲ್ ಎಕ್ಸ್‌ಚೇಂಜನ್ನು 1986ರಲ್ಲಿ ಮೊದಲು ಹಾಕಿದ್ದು ನಮ್ಮ ಕಿತ್ತೂರಿನಲ್ಲಿ. ಏಸಿ ಇಲ್ಲದೆ, ಧೂಳು-ಸೆಕೆಯಲ್ಲಿ ನಡೆಯಬೇಕು ಅಂತಲೇ ಅದನ್ನು ವಿನ್ಯಾಸ ಮಾಡಿದ್ದರು. ದೇಶದ ಸಾವಿರಾರು ಹಳ್ಳಿಗಳಿಗೆ ಫೋನ್ ಬಂದದ್ದು ಆ ಜಾತಿಯ ಎಕ್ಸ್‌ಚೇಂಜಿನಿಂದ.

ಎಕ್ಸ್‌ಚೇಂಜ್ ಡಿಜಿಟಲ್ ಆದರೂ ಅಲ್ಲಿಂದ ಮನೆ ತನಕ ತಾಮ್ರವೇ. ಎಕ್ಸ್‌ಚೇಂಜಿನಿಂದ ನೆಲದೊಳಗಿನ ಕೇಬಲ್, ರಸ್ತೆ ಬದಿಯ ಕ್ಯಾಬಿನೆಟ್, ಅಲ್ಲಿಂದ ಕಂಬದ ಮೇಲಿನ ಡಿಪಿ ಬಾಕ್ಸ್, ಅಲ್ಲಿಂದ ಮನೆಗೆ ಎಳೆದ ವಯರು, ಗೋಡೆ ಮೇಲಿನ ರೋಸೆಟ್ ಬಾಕ್ಸ್. ರೋಸೆಟ್ಟಿನ ತನಕ ಅವರ ಜವಾಬ್ದಾರಿ, ಮುಂದೆ ನಮ್ಮದು. ಈ ಗಡಿ ಬಹಳ ಮುಖ್ಯ. ಖಾನಾಪುರ ಕಡೆಯ ಮಳೆ ನಿಮಗೆ ಗೊತ್ತಲ್ಲ, ಕಣಕುಂಬಿ, ಜಾಂಬೋಟಿ ಕಡೆಯವರಿಗಂತೂ ಹೇಳೋದೇ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರತಿ ಜಾಯಿಂಟೂ ನೀರು ಕುಡಿಯುತ್ತದೆ.

ನನ್ನ ಕಥೆ

2003, ನಾನು ಆಗ ಇಲ್ಲೇ ಓದ್ತಿದ್ದೆ. ದಿನಾ ಖಾನಾಪುರದಿಂದ ಬಸ್ಸಿನಾಗ ಬಂದು ಉದ್ಯಮಬಾಗಕ್ಕೆ ಇಳಿಯೋದು. ಅಪ್ಪ ಸಾಲ ಮಾಡಿ ಕಂಪ್ಯೂಟರ್ ಕೊಡಿಸಿದ್ದರು. ಫೋನು ಇದ್ದದ್ದು ಪಡಸಾಲೆಯಲ್ಲಿ, ಕಂಪ್ಯೂಟರ್ ಹಿಂದಿನ ಕೋಣೆಯಲ್ಲಿ. ನಾನು ಎಂಜಿನಿಯರ್ ಅಲ್ಲವೇ, ಪೇಟೆಯಿಂದ 25 ಮೀಟರ್ ಚಪ್ಪಟೆ ವಯರ್ ತಂದು, ಕರೆಂಟಿನ ಪಟ್ಟಿಯ ಗುಂಟ ಎಳೆದು, ಕಿಟಕಿಯ ಹೊರಗಿಂದ ಹಾಯಿಸಿ, ಸಾಲದೇ ಹೋದ ಕಡೆ ಒಂದು ಜಾಯಿಂಟ್ ಹಾಕಿ ಟೇಪ್ ಸುತ್ತಿದೆ. ಪಡಸಾಲೆಯ ಫೋನ್ ಪ್ಯಾರಲಲ್ ಆಗಿ ಹಂಗೇ ಇತ್ತು. ಬೇಸಿಗೆಯಲ್ಲಿ ಹಚ್ಚಿದಾಗ 31,200 ಬರ್ತಿತ್ತು. ಮಳೆ ಶುರುವಾದ ಮೇಲೆ 26,400, ಆಮೇಲೆ 14,400. ಮೂರ್ನಾಲ್ಕು ನಿಮಿಷಕ್ಕೊಮ್ಮೆ ಲೈನ್ ಕಡಿಯುತ್ತಿತ್ತು. ಮಳೆ ಬಂದಾಗ ಕೆಡುತ್ತದೆ ಅಂದಮೇಲೆ ತಪ್ಪು ಹೊರಗಿನದೇ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಎರಡು ತಿಂಗಳು ಹೊರಗಿನವರನ್ನು ಬೈದೆ, ಒಂದು ದಿನವೂ ಅಳೆದು ನೋಡಲಿಲ್ಲ.

ಆಗಸ್ಟಿನಲ್ಲಿ ಬೆಂಗಳೂರಿನ ಒಂದು ಕಂಪನಿಗೆ ಪ್ರಾಜೆಕ್ಟಿಗಾಗಿ ಅರ್ಜಿ ಹಾಕಿದ್ದೆ. ಒಂದು ವರದಿ ಮೇಲ್ ಮಾಡಬೇಕಿತ್ತು, ಅವತ್ತೇ ರಾತ್ರಿ 12 ಕಡೇ ಗಡುವು. ಫೈಲು 600 ಕೆಬಿ. ಮೇಲಿಗೆ ಅಂಟಿಸಿದಾಗ ಬೇಸ್64 ಆಗಿ ಮೂರರ ಜಾಗಕ್ಕೆ ನಾಲ್ಕಾಗುತ್ತದೆ, ಅಂದರೆ 800 ಕೆಬಿ. 14,400ರ ವೇಗದಲ್ಲಿ ಅದು ಏಳೂವರೆ ನಿಮಿಷದ ಕೆಲಸ. ಮೋಡೆಮಿನ ಕಂಪ್ರೆಶನ್ ಉಳಿಸಿಕೊಟ್ಟ ಸ್ವಲ್ಪವೂ, ತಪ್ಪಿದ ಫ್ರೇಮುಗಳನ್ನು ಮತ್ತೆ ಮತ್ತೆ ಕಳಿಸೋದ್ರಲ್ಲಿ ಹೋಗ್ತಿತ್ತು. ಲೈನು ನಾಲ್ಕು ನಿಮಿಷಕ್ಕೆ ಕಡಿತು. ಅರ್ಧ ಹೋದ ಮೇಲ್ ಅಲ್ಲಿಂದ ಮುಂದುವರಿಯೋದಿಲ್ಲ, ಮತ್ತೆ ಮೊದಲಿನಿಂದ. ಎಂಟು ಸಲ ಮಾಡಿದೆ. ರಾತ್ರಿ 9ಕ್ಕೆ ಮಳೆಯಲ್ಲಿ ಸೈಬರ್ ಕೆಫೆಗೆ ಓಡಿದೆ, ಬಾಗಿಲು ಹಾಕಿತ್ತು. ಮರುದಿನ ಕಾಲೇಜಿಗೆ ಬಂದು ಲ್ಯಾಬಿನಿಂದ ಕಳಿಸಿದೆ. ನಾಲ್ಕು ದಿನ ಬಿಟ್ಟು ಎರಡು ಸಾಲಿನ ಉತ್ತರ ಬಂತು: ಪಟ್ಟಿ ಆಗಿದೆ, ಧನ್ಯವಾದ. ಆ ತಿಂಗಳ ಫೋನ್ ಬಿಲ್ ನೋಡಿ ಅಪ್ಪ ಏನೂ ಅನ್ನಲಿಲ್ಲ. ಅಂದಿದ್ದರೇ ಚಲೋ ಇತ್ತು.

ಆ ವಾರ ದೂರು ಕೊಟ್ಟೆ. ವಯಸ್ಸಾದ ಲೈನ್‌ಮನ್ ಕಾಕಾ ಒಬ್ಬರು ಬಂದರು. ರೋಸೆಟ್ ಬಿಚ್ಚಿ, ಒಳಗಿನ ನನ್ನ ವಯರ್ ತೆಗೆದು, ತಮ್ಮ ಕೈಯಲ್ಲಿದ್ದ ಹ್ಯಾಂಡ್‌ಸೆಟ್ ಹಚ್ಚಿ ಕೇಳಿದರು.

"ಲೈನ್ ಸ್ವಚ್ಛ ಐತಲ್ಲೋ ತಮ್ಮಾ. ನೀನ ಕೇಳ."

ಕೇಳಿದೆ. ಒಂದು ಸದ್ದಿಲ್ಲ. ಆಮೇಲೆ ನನ್ನ ವಯರ್ ಜೋಡಿಸಿ ಮತ್ತೆ ಕೊಟ್ಟರು. ಗುಂಯ್ ಅನ್ನುತ್ತಿತ್ತು, ನಡುನಡುವೆ ಎಣ್ಣೆಯಲ್ಲಿ ಸಾಸಿವೆ ಸಿಡಿದಂಗ ಚಟಚಟ.

"ಈ ವಯರ್ ಯಾರ ಎಳದಾರ?"

"ನಾನ ರೀ ಕಾಕಾ."

"ಹಂಗಾರ ಎರಡ ತಿಂಗಳ ಬೈದದ್ದು ಯಾರಿಗೆ?" ಅಂದು ನಕ್ಕು, ಚಹಾ ಕುಡಿದು ಹೋದರು.

ಕಂಪ್ಯೂಟರ್ ಟೇಬಲ್ಲನ್ನೇ ಪಡಸಾಲೆಗೆ ತಂದು ರೋಸೆಟ್ಟಿಗೆ ನೇರ ಹಚ್ಚಿದೆ. 44,000. ಹೊರಗೆ ಧೋ ಅಂತ ಮಳೆ ಸುರಿಯುತ್ತಿತ್ತು.

ಪರೀಕ್ಷೆಯ ಕ್ರಮ

ಅವತ್ತು ಕಲಿತದ್ದನ್ನು ಕ್ರಮವಾಗಿ ಬರೀತೇನೆ. ಪ್ರತಿ ಹೆಜ್ಜೆಯಲ್ಲೂ ಒಂದೇ ಒಂದು ಬದಲಾವಣೆ ಮಾಡಬೇಕು, ಸಂಖ್ಯೆ ಬರೆದುಕೊಳ್ಳಬೇಕು, ಒಂದೊಂದು ಸ್ಥಿತಿಯಲ್ಲೂ ಮೂರು ಸಲ ಹಚ್ಚಿ ನೋಡಬೇಕು. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ.

1. ಕಿವಿಯಿಂದ ಶುರು. ಫೋನ್ ಎತ್ತಿ ಯಾವುದಾದರೂ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತು ಕೆಲವು ಸೆಕೆಂಡ್ ಮೌನ ಇರುತ್ತದೆ. ಆ ಮೌನದಲ್ಲಿ ಗುಂಯ್ ಕೇಳಿದರೆ ಕರೆಂಟಿನ ವಯರಿನಿಂದ ಬರ್ತಿರೋದು. ಚಟಚಟ ಅಂದರೆ ಜಾಯಿಂಟಿಗೆ ತುಕ್ಕು ಇಲ್ಲವೇ ನೀರು. ಬೇರೆಯವರ ಮಾತು ಕೇಳಿದರೆ ಕೇಬಲ್ಲಿನೊಳಗೆ ಎರಡು ಜೋಡಿ ಒಂದಕ್ಕೊಂದು ಸೋರುತ್ತಿವೆ.

2. ರೋಸೆಟ್ಟಿಗೆ ನೇರ ಹಚ್ಚಿ. ಮನೆಯೊಳಗಿನ ಎಲ್ಲ ವಯರು, ಪ್ಯಾರಲಲ್ ಫೋನು, ಕಾಲರ್ ಐಡಿ ಡಬ್ಬಿ, ಸರ್ಜ್ ಪ್ರೊಟೆಕ್ಟರು ತೆಗೆದು ಚಿಕ್ಕ ವಯರಿನಿಂದ ಮೋಡೆಮ್ ಹಚ್ಚಿ. ವೇಗ ಏರಿದರೆ ತಪ್ಪು ನಮ್ಮದು. ಏರದಿದ್ದರೆ ಮಾತ್ರ ದೂರು ಕೊಡಿ. ಹತ್ತು ನಿಮಿಷದ ಈ ಒಂದು ಪರೀಕ್ಷೆಯನ್ನು ನಾನು ಜೂನ್‌ನಲ್ಲೇ ಮಾಡಿದ್ದರೆ ಆಗಸ್ಟಿನ ರಾತ್ರಿ ಬರ್ತಿರಲಿಲ್ಲ.

3. ಒಂದೊಂದೇ ವಾಪಸ್ ಜೋಡಿಸಿ. ಯಾವುದನ್ನು ಜೋಡಿಸಿದಾಗ ಬಿತ್ತೋ ಅದೇ ಕಳ್ಳ.

4. ವಯರಿನ ಜಾತಿ ನೋಡಿ. ಹೆಣೆದ ಜೋಡಿಯಲ್ಲಿ ಎರಡೂ ತಂತಿಗೆ ಒಂದೇ ಸಮ ಗದ್ದಲ ಸೇರುತ್ತದೆ, ಮೋಡೆಮ್ ವ್ಯತ್ಯಾಸ ಮಾತ್ರ ನೋಡೋದರಿಂದ ಅದು ಕಳೆದುಹೋಗುತ್ತದೆ. ಚಪ್ಪಟೆ ವಯರಿನಲ್ಲಿ ಕರೆಂಟಿಗೆ ಹತ್ತಿರ ಇರೋ ತಂತಿಗೆ ಹೆಚ್ಚು ಸೇರುತ್ತದೆ. "50 ಹರ್ಟ್ಜ್ ನಮ್ಮ ಬ್ಯಾಂಡಿನೊಳಗೇ ಇಲ್ಲವಲ್ಲ" ಅಂತ ಕೇಳಬಹುದು. ಖರೆ, ಆದರೆ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರು, ಟ್ಯೂಬ್‌ಲೈಟಿನ ಚೋಕು ಅದರ ಹಾರ್ಮೋನಿಕ್‌ಗಳನ್ನು ಎಬ್ಬಿಸುತ್ತವೆ. ಅವು 300ರ ಮೇಲೆ ಬಂದು ಕೂರುತ್ತವೆ. ಉದ್ಯಮಬಾಗದಂಥ ಫೌಂಡ್ರಿ, ಮಷಿನ್ ಶಾಪುಗಳ ಪಕ್ಕದ ಮನೆಯಾದರೆ ಇನ್ನಷ್ಟು ಎಚ್ಚರ ಬೇಕು.

5. ಮಲ್ಟಿಮೀಟರ್. ಫೋನ್ ಇಟ್ಟಾಗ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರಬೇಕು. ಬಹಳ ಕಡಿಮೆ ಇದ್ದು, ಮಳೆ ನಿಂತಾಗ ಏರಿದರೆ ಎಲ್ಲೋ ನೀರಿನಿಂದ ಸೋರಿಕೆ ಇದೆ. ಎಚ್ಚರ: ರಿಂಗ್ ಬಂದಾಗ ಸುಮಾರು 75 ವೋಲ್ಟ್ ಎಸಿ ಬರುತ್ತದೆ, ಬರಿಗೈಯಿಂದ ಮುಟ್ಟಬೇಡಿ. ಗುಡುಗು-ಸಿಡಿಲಿದ್ದಾಗ ಈ ಕೆಲಸವೇ ಬೇಡ.

6. ಮೋಡೆಮ್ ಮತ್ತು ಸಾಫ್ಟ್‌ವೇರ್ ಕಡೇಗೆ. ನಾವೆಲ್ಲ ಇದನ್ನೇ ಮೊದಲು ಮಾಡಿ ಹಾಳಾದವರು. ಡಯಲ್ ಟೋನ್ ಗುರುತಿಸದಿದ್ದರೆ ಎಟಿಎಕ್ಸ್3 ಕೊಟ್ಟರೆ ಮೋಡೆಮ್ ಟೋನಿಗೆ ಕಾಯದೆ ಹಚ್ಚುತ್ತದೆ. ಸೀರಿಯಲ್ ಪೋರ್ಟಿಗೆ ಹಳೇ 16450 ಚಿಪ್ ಇದ್ದರೆ ಬೈಟುಗಳು ಕಳೆದುಹೋಗುತ್ತವೆ. 16550ಎಯಲ್ಲಿ 16 ಬೈಟಿನ ಫಿಫೊ ಇರೋದರಿಂದ ಆ ತೊಂದರೆ ಇಲ್ಲ. ಅಗ್ಗದ ಒಳಗಿನ ಮೋಡೆಮ್‌ಗಳು ತಮ್ಮ ಲೆಕ್ಕವನ್ನೆಲ್ಲ ಪ್ರೊಸೆಸರಿನಿಂದಲೇ ಮಾಡಿಸುತ್ತಿದ್ದವು. ಹಿಂದೆ ಭಾರೀ ಪ್ರೋಗ್ರಾಂ ಓಡುತ್ತಿದ್ದರೆ ಲೈನೇ ಕಡಿಯುತ್ತಿತ್ತು. ಬ್ರೌಸರಿನಲ್ಲಿ ಚಿತ್ರ ಬಂದ್ ಮಾಡಿದರೆ ಪುಟ ಬೇಗ ತೆರೆಯುತ್ತಿತ್ತು.

7. ಬೇಕಂತಲೇ ವೇಗ ಇಳಿಸಿ. ಗದ್ದಲದ ಲೈನಿನಲ್ಲಿ ಮೋಡೆಮ್ 33,600ಕ್ಕೆ ಹಟ ಹಿಡಿದು, ತಪ್ಪಾಗಿ, ಮತ್ತೆ ಕಳಿಸಿ, ಕಡಿದುಕೊಳ್ಳುತ್ತದೆ. 26,400ಕ್ಕೆ ಮಿತಿ ಹಾಕಿದರೆ ಕಡಿಯದೆ ನಡೆದು, ಫೈಲು ಮೊದಲೇ ಮುಟ್ಟಬಹುದು. ಓಡಿ ಬೀಳೋದಕ್ಕಿಂತ ಬೀಳದಂಗ ನಡೆಯೋದು ಚಲೋ. ನಿಮ್ಮ ಇವತ್ತಿನ ವೈಫೈ ಇದನ್ನು ತಾನೇ ಸದ್ದಿಲ್ಲದೆ ಮಾಡುತ್ತಿರುತ್ತದೆ.

ಇವತ್ತಿಗೆ ಇದರ ಉಪಯೋಗ

2004ರ ಬ್ರಾಡ್‌ಬ್ಯಾಂಡ್ ನೀತಿ 256 ಕಿಲೋಬಿಟ್ ಮತ್ತು ಮೇಲಿನದ್ದನ್ನು ಬ್ರಾಡ್‌ಬ್ಯಾಂಡ್ ಅಂತ ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಬಂತು. ಅದೇ ತಾಮ್ರ, ಆದರೆ 3400 ಹರ್ಟ್ಜಿನ ಬೇಲಿ ದಾಟಿ ಮೇಲಿನ ಆವರ್ತನಗಳನ್ನು ಬಳಸಿತು. ನಿಮ್ಮಲ್ಲಿ ಬಹಳ ಮಂದಿಯ ಮನೆಗೆ ಈಗ ಫೈಬರ್ ಇದೆ. ಪರೀಕ್ಷೆಯ ಕ್ರಮ ಮಾತ್ರ ಅದೇ.

ರೋಸೆಟ್ ಪರೀಕ್ಷೆಯ ಇಂದಿನ ರೂಪ: ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೌಟರಿಗೆ ನೇರ ಹಚ್ಚಿ ಅಳೆಯೋದು. ಕೇಬಲ್ಲಿನಲ್ಲಿ ಸರಿ, ವೈಫೈನಲ್ಲಿ ನಿಧಾನ ಅಂದರೆ ರೋಗ ಮನೆಯೊಳಗಿದೆ. 48 ವೋಲ್ಟಿನ ಇಂದಿನ ರೂಪ: ಫೈಬರ್ ಡಬ್ಬಿಯ ಪುಟದಲ್ಲಿ ಕಾಣೋ ಆಪ್ಟಿಕಲ್ ಪವರ್. ಸಾಮಾನ್ಯ ಜಿಪಾನ್ ಸಾಮಾನಿನಲ್ಲಿ ಅದು ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ಮೈನಸ್ 27ರ ಅಂಚಿಗೆ ಬಂದಿದ್ದರೆ ಫೈಬರ್ ಎಲ್ಲೋ ಬಾಗಿದೆ ಅಥವಾ ಕನೆಕ್ಟರ್ ಕೊಳೆಯಾಗಿದೆ. ಆ ಸಂಖ್ಯೆ ಬರೆದು ದೂರು ಕೊಟ್ಟು ನೋಡಿ. "ನೆಟ್ ಸ್ಲೋ ಐತ್ರಿ" ಅನ್ನೋ ದೂರಿಗೂ ಅಳತೆ ಇರೋ ದೂರಿಗೂ ಸಿಗೋ ಮರ್ಯಾದೆ ಬೇರೆ.

ನೀವೇ ಮಾಡಿ ನೋಡ್ರಿ

ಅ) ಒಂದು ಹಳೇ ಮೋಡೆಮ್ ದಾಖಲೆಯಲ್ಲಿ 28,800, 31,200, 28,800 ಅಂತಿದೆ. ಇದು ವಿ.90 ಕನೆಕ್ಷನ್ನೇ?

ಆ) ಸಿಗ್ನಲ್-ಗದ್ದಲದ ಅಂತರ 25 ಡೆಸಿಬೆಲ್ ಇದ್ದರೆ 3100 ಹರ್ಟ್ಜಿನಲ್ಲಿ ಶಾನನ್ ಮಿತಿ ಎಷ್ಟು?

ಇ) ಲೈನು ಮಳೆಯಲ್ಲಿ ಮಾತ್ರ ಕೆಡುತ್ತದೆ. ತಪ್ಪು ಹೊರಗಿನದೇ ಅಂತ ಹೇಳಬಹುದೇ?

ಉತ್ತರ: ಅ) ಅಲ್ಲ, ಎಲ್ಲವೂ 2400ರ ಗುಣಕ, ವಿ.34. ಆ) ಸುಮಾರು 25,800 ಬಿಟ್. ಇ) ಇದಕ್ಕೆ ಉತ್ತರ ಬರೆಯೋದಿಲ್ಲ, ನನ್ನ ಕಥೆ ಮತ್ತೊಮ್ಮೆ ಓದಿ.

ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ ನೆಟ್ಟನ್ನು ಈ ಕ್ರಮದಲ್ಲಿ ಅಳೆದು, ಪಟ್ಟಿ ಮಾಡಿ ಸಂಘಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲ ಊರುಗಳದ್ದೂ ಕೂಡಿಸಿ ನೋಡೋಣ. ಗಡುವಿನ ದಿನ ರಾತ್ರಿ ತನಕ ಕಾಯದೆ, ಬೆಳಿಗ್ಗೆಯೇ ಕಳಿಸ್ರಿ.